ಇರುವೆ ಬಟ್ಟಲು

ನನಗೆ ಬಾಯಿ ಜೋರು. ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಸಾತನೂರು ರಸ್ತೆಯಿಂದ ಒಸಿ ಒಳಗಿರುವ ನಮ್ಮೂರಲ್ಲಿ ನಾನು ಪಂಚಾಯ್ತಿ ಮೆಂಬರಾಗಿ ಗೆದ್ದದ್ದೇ ಬಾಯಿಂದ. ಬೀದಿ ನಲ್ಲಿ ಹತ್ತಿರ ನಾನು ಗದರಿದರೆ ಊರಾಚೆ ಸೊಪ್ಪು ಕೊಯ್ಯೋರಿಗೂ ಕೇಳಿಸುತ್ತೆ ಅಂತ ನನ್ನ ಗಂಡ ನೆಂಟರ ಮುಂದೆ ಹೇಳಿಕೊಂಡು ನಗೋರು. ಅಷ್ಟು ಬಾಯಿದ್ದ ನಾನು ಮೆಂಬರಾಗಿ ಊರಿಗೆ ಮಾಡಿದ ಉಪಕಾರ ಅಂತ ಒಂದಿದ್ದರೆ, ಅದು ಬಾಯಿ ಮುಚ್ಚಿಕೊಂಡು ಮಾಡಿದ್ದು. ಅದನ್ನೇ ಈಗ ಬರೀತಿದ್ದೀನಿ.

ಆ ವರ್ಷ ನನ್ನ ಮಗಳು ಬಸುರಿ. ಮದುವೆಯಾಗಿ ಬಹಳ ಕಾಲ ಕಾದು, ಒಂದು ಸಲ ನಿಂತದ್ದು ಉಳಿಯದೆ ಹೋಗಿ, ಮತ್ತೆ ಕಾದು ನಿಂತ ಬಸುರು ಅದು. ಅಳಿಯನಿಗೆ ಬಿಡದಿ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ರಾಮನಗರದಲ್ಲಿ ಬಾಡಿಗೆ ಮನೆ. ಏಳು ತುಂಬುತ್ತಲೂ ಹೆರಿಗೆಗೆ ಅಂತ ನಮ್ಮನೆಗೆ ಕರೆದುಕೊಂಡು ಬಂದೆವು. ಬಸ್ಸಿಳಿದವಳು ರಸ್ತೆ ಬದಿಯಲ್ಲಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಕ್ವಾರಿಯಿಂದ ಕಲ್ಲು ಹೊತ್ತ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಕಾಲ ಕೆಳಗಿನ ನೆಲ ನಡುಗುತ್ತಿತ್ತು. "ಇದೊಂದು ಉಳ್ಕಂಡ್ರೆ ಸಾಕು ಕಣಮ್ಮ, ಇನ್ನೇನೂ ಕೇಳಲ್ಲ ನಾನು" ಅಂದಳು. ಸುಮ್ಮನೆ ನಡಿ, ಉಳೀದೆ ಎಲ್ಲೋಯ್ತದೆ ಅಂತ ಗದರಿದೆ. ಗದರಿದ್ದು ನನ್ನ ಹೆದರಿಕೆಗೆ.

ಅವಳು ಬರೋಕೆ ಒಂದೆರಡು ತಿಂಗಳು ಮುಂಚೆ ಊರಿಗೆ ದುಡ್ಡು ಬಂದಿತ್ತು. ಹಳ್ಳಿಯ ಆರೋಗ್ಯಕ್ಕೆ ಅಂತ ದಿಲ್ಲಿಯಿಂದ ಬಂದ ದುಡ್ಡು. ಅದರಲ್ಲಿ ವಿಶೇಷ ಏನಪ್ಪಾ ಅಂದರೆ, ಇದಕ್ಕೇ ಖರ್ಚು ಮಾಡಿ ಅಂತ ಮೇಲಿನಿಂದ ಹೇಳಿರಲಿಲ್ಲ. ಊರಿನವರೇ ಕಮಿಟಿ ಮಾಡಿಕೊಂಡು, ಊರಿಗೆ ಏನು ಬೇಕೋ ನೋಡಿಕೊಂಡು ಖರ್ಚು ಮಾಡಬೇಕು. ನಮ್ಮ ತಲೆ ಮೇಲೆ ಬಡಿಯದೆ ನಮ್ಮ ಕೈಗೆ ಕೊಟ್ಟ ದುಡ್ಡು ಅದೊಂದೇ ಇರಬೇಕು. ಕಮಿಟಿಯಲ್ಲಿ ನಾನಿದ್ದೆ, ಸಬ್ ಸೆಂಟರಿನ ನರ್ಸಮ್ಮ ಇದ್ದಳು, ಮತ್ತೆ ನಮ್ಮ ಪಂಚಾಯ್ತಿ ಅಧ್ಯಕ್ಷಿಣಿಯ ಗಂಡ ಇದ್ದ. ಅಧ್ಯಕ್ಷಿಣಿ ಮನೆಯಲ್ಲಿ ಹಾಲು ಕರೆಯೋಳು, ಕುರ್ಚಿ ಮೇಲೆ ಕೂರೋನು ಇವನು. ಆದ್ದರಿಂದ ಅವನನ್ನೇ ಅಧ್ಯಕ್ಷ ಅಂತ ಕರೀತೀನಿ, ಊರೂ ಹಂಗೇ ಕರೀತಿತ್ತು. ಕೆಟ್ಟವನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಸೌದೆ ಕಳಿಸೋನು ಅವನೇ.

ನಾನು ಹೇಳಿದ್ದು ಮೋರಿಗೆ ಚಪ್ಪಡಿ, ಡ್ರಮ್ಮುಗಳಿಗೆ ಮುಚ್ಚಳ. ನಮ್ಮೂರಿಗೆ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಅಗ್ಗಕ್ಕೆ ಬರೋಕೆ ಶುರುವಾಗಿ, ಪ್ರತಿ ಮನೆ ಮುಂದೆ ಎರಡು ಮೂರು ನಿಂತಿದ್ದವು. ಏನು ತುಂಬಿ ಬಂದ ಡ್ರಮ್ಮೋ ದೇವರಿಗೇ ಗೊತ್ತು, ತೊಳೆದು ಕುಡಿಯೋ ನೀರು ತುಂಬೋರು. ಮುಚ್ಚಳ ಮಾತ್ರ ಯಾವುದಕ್ಕೂ ಇಲ್ಲ. ಸಾಯಂಕಾಲ ಹತ್ತಿರ ಹೋದರೆ ಮುಖಕ್ಕೆ ಸೊಳ್ಳೆ ರಾಚುತ್ತಿತ್ತು.

ಅಧ್ಯಕ್ಷ ಒಪ್ಪಲಿಲ್ಲ. "ಚಪ್ಪಡಿ ಹಾಕುದ್ರೆ ಯಾರಿಗ್ ಕಾಣ್ತದೆ ಹೇಳಕ್ಕ. ತಿಂಗಳಾದ್ಮೇಲೆ ಅದ್ರ ಮೇಲೆ ಎಮ್ಮೆ ಕಟ್ತಾರೆ. ಹೊಗೆ ಬುಡೋ ಮಿಷನ್ನು ತರಾವ. ಸದ್ದಾಯ್ತದೆ, ಹೊಗೆ ಬತ್ತದೆ, ದುಡ್ಡು ಎಲ್ಲೋಯ್ತು ಅಂತ ಊರಿಗ್ ಗೊತ್ತಾಯ್ತದೆ."

"ಹೊಗೆಯಾಗೋಯ್ತು ಅಂತ ಗೊತ್ತಾಯ್ತದೆ" ಅಂದೆ. ಎಲ್ಲ ನಕ್ಕರು, ನಕ್ಕು ಮಿಷನ್ನಿಗೇ ಕೈ ಎತ್ತಿದರು.

ಈಗ ಯೋಚನೆ ಮಾಡಿದರೆ ಮೈ ಉರಿಯುತ್ತೆ. ಆ ಸಭೆಯಲ್ಲಿ ಕೂತಿದ್ದವರೆಲ್ಲ ಮನೆಯಲ್ಲಿ ರೇಷ್ಮೆ ಹುಳ ಸಾಕೋರೇ. ನಮ್ಮ ಕಡೆ ಹುಳಕ್ಕೆ ಬೇರೆ ಶೆಡ್ಡು ಕಟ್ಟಿಸಿಕೊಂಡವರು ಆಗ ಒಬ್ಬಿಬ್ಬರು. ಮಿಕ್ಕವರು ನಡುಮನೆಯನ್ನೇ ಹುಳಕ್ಕೆ ಬಿಟ್ಟುಕೊಟ್ಟು ತಾವು ಗೋಡೆ ಪಕ್ಕ ಚಾಪೆ ಹಾಸಿಕೊಳ್ಳೋರು. ಹುಳಕ್ಕಿರುವ ಮಡಿ ದೇವರಿಗೂ ಇಲ್ಲ. ಒಗ್ಗರಣೆ ಘಾಟು ಆಗಲ್ಲ, ಊದುಬತ್ತಿ ಆಗಲ್ಲ, ಸೊಳ್ಳೆ ಬತ್ತಿ ಹಚ್ಚೋ ಮಾತೇ ಇಲ್ಲ. ಹೊರಗಿನವರು ಹೊಸಿಲು ದಾಟೋ ಹಂಗಿಲ್ಲ, ಬೀಗರೇ ಬಂದರೂ ಜಗಲಿ ಮೇಲೆ ಕಾಫಿ ಕುಡಿದು ಹೋಗಬೇಕು. ಹುಳದ ತಟ್ಟೆಗಳನ್ನ ಜೋಡಿಸುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ಒಂದೊಂದು ನೀರಿನ ಬಟ್ಟಲು ಇಡ್ತೀವಿ, ಇರುವೆ ಹತ್ತಬಾರದು ಅಂತ. ನೀರಿಗೆ ಸೀಮೆಎಣ್ಣೆ ಹಾಕಿದರೆ ಆ ವಾಸನೆಗೆ ಹುಳ ಸೊಪ್ಪು ಮುಟ್ಟಲ್ಲ, ಅದಕ್ಕೆ ಬರೀ ನೀರು. ಇಷ್ಟೆಲ್ಲ ಜತನ ಮಾಡೋ ಜನ, ಸೊಳ್ಳೆ ಸಾಯೋ ಹೊಗೆಗೆ ಹುಳವೂ ಸಾಯುತ್ತೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಕಮಿಟಿ ಅಂತ ಕುರ್ಚಿ ಮೇಲೆ ಕೂತ ತಕ್ಷಣ ನಾವು ನಮ್ಮ ಮನೆಯನ್ನೇ ಮರೆತುಬಿಟ್ಟಿದ್ದೆವು.

ಮಿಷನ್ನು ಬೆಂಗಳೂರಿಂದ ಬಂತು. ಸ್ಕೂಲ್ ಮೈದಾನದಲ್ಲಿ ಮೇಜಿನ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ನಿಂಬೆಹಣ್ಣು ಕುಯ್ದರು. ಅಧ್ಯಕ್ಷ ಹೆಗಲಿಗೆ ಹಾಕಿಕೊಂಡು ದಾರ ಎಳೆದ. ಕಿವಿ ಗಡಚಿಕ್ಕೋ ಹಾಗೆ ಸದ್ದು, ಆಮೇಲೆ ಬಿಳೀ ಹೊಗೆ ದಪ್ಪಕ್ಕೆ ಹೊರಳಿಕೊಂಡು ಬಂತು. ಮಕ್ಕಳು ಹೊಗೆಯೊಳಕ್ಕೆ ನುಗ್ಗಿ ಕುಣಿದರು, ದೊಡ್ಡವರು ಚಪ್ಪಾಳೆ ತಟ್ಟಿದರು. ಗಾಳಿ ತಿರುಗಿದ್ದನ್ನ ಯಾರೂ ಗಮನಿಸಲಿಲ್ಲ. ಮೈದಾನದ ಪಕ್ಕಕ್ಕೇ ಒಬ್ಬ ವಿಧವೆ ಮುದುಕಿಯ ಮನೆ, ಅವಳ ಹುಳ ಇನ್ನೇನು ಗೂಡು ಕಟ್ಟಬೇಕು.

ಸಾಯಂಕಾಲದ ಹೊತ್ತಿಗೆ ಅವಳ ಹುಳ ತಲೆ ಎತ್ತಿಕೊಂಡು ಅತ್ತ ಇತ್ತ ಒಲೆದವು, ಹಸಿರು ನೀರು ಕಕ್ಕಿದವು. ಮಾರನೆ ದಿನ ನಾನು ಹೋದಾಗ ತಟ್ಟೆ ತಟ್ಟೆಯನ್ನೇ ಹಿತ್ತಲ ಗುಂಡಿಗೆ ಸುರೀತಿದ್ದಳು. ಅಳುತ್ತಿರಲಿಲ್ಲ. "ನೋಡವ್ವ, ನಿಮ್ ಔಷದಿ ಚೆನ್ನಾಗೈತೆ" ಅಂದಳು ಅಷ್ಟೇ. ನನಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವತ್ತಿಂದ ಮಿಷನ್ನಿನ ದಾರ ಯಾರೂ ಮುಟ್ಟೋ ಹಂಗಿಲ್ಲ ಅಂತ ಊರು ಕಟ್ಟು ಮಾಡಿತು. ಬೀಗ ಇದ್ದ ಸರ್ಕಾರಿ ರೂಮು ಅಂದರೆ ಸಬ್ ಸೆಂಟರಿನ ಹೆರಿಗೆ ಕೋಣೆ ಒಂದೇ. ಅಲ್ಲಿಗೆ ಸಾಗಿಸಿದರು, ಮಿಷನ್ನು, ಪೆಟ್ರೋಲ್ ಕ್ಯಾನು, ಔಷಧಿ ಡಬ್ಬ, ಬಾಡಿದ ಹಾರದ ಸಮೇತ. ಹೆರಿಗೆ ಮೇಜು ವರಾಂಡಕ್ಕೆ ಬಂತು. ನಾನಿಲ್ಲಿ ಹೆರಿಗೆ ಮಾಡಿಸಲಾ ಪೆಟ್ರೋಲ್ ಬಂಕ್ ನಡೆಸಲಾ ಅಂತ ನರ್ಸಮ್ಮ ಕೂಗಾಡಿದಳು. ನಾಲ್ಕು ದಿನದ ಮಟ್ಟಿಗೆ ಅಂದರು. ವರಾಂಡದ ಮೇಜಿನ ಮೇಲೆ ಕೋಳಿ ಮಲಗೋಕೆ ಶುರುವಾದವು.

ಇಷ್ಟು ಆಗಿದ್ದ ಊರಿಗೆ ನನ್ನ ಮಗಳು ಬಂದದ್ದು. ಮಳೆ ಆಗ ಬಿಟ್ಟು ಬಿಟ್ಟು ಬರುತ್ತಿತ್ತು. ಬಂದ ಎರಡು ದಿನಕ್ಕೇ ಅವಳಿಗೆ ಕೈ ಕಾಲು ಆಡಿಸೋಕೆ ಏನಾದರೂ ಬೇಕಾಯ್ತು. ಸೊಪ್ಪು ಹೊರೆ ಮುಟ್ಟೋ ಹಂಗಿಲ್ಲ, ಕೊಡ ಎತ್ತೋ ಹಂಗಿಲ್ಲ. ಇರುವೆ ಬಟ್ಟಲಿಗೆ ನೀರು ಹಾಕೋ ಕೆಲಸವನ್ನ ಅವಳೇ ಹಿಡಿದುಕೊಂಡಳು. ಚಿಕ್ಕಂದಿನಲ್ಲೂ ಅದು ಅವಳದೇ ಕೆಲಸ. ಬೆಳಿಗ್ಗೆ ಚೊಂಬು ಹಿಡಿದು, ಮಣೆ ಮೇಲೆ ಕೂತು, ಸ್ಟ್ಯಾಂಡಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮಣೆ ಜರುಗಿಸಿಕೊಂಡು, ಆರಿದ್ದಷ್ಟು ನೀರು ತುಂಬೋಳು. ತಟ್ಟೆ ತುಂಬ ಹುಳ ಇರೋವಾಗ ಸ್ಟ್ಯಾಂಡು ಎತ್ತೋಕಾಗಲ್ಲ, ಬಟ್ಟಲು ಈಚೆಗೆ ಬರಲ್ಲ. ಹಾಕಿದ ನೀರಿಗೇ ನೀರು ಸೇರಿಸಬೇಕು. ನಮ್ಮತ್ತೆ ಮಾಡಿದ್ದು ಹಂಗೆ, ನಾನು ಮಾಡಿದ್ದು ಹಂಗೆ. ನೀರು ಹಾಕುತ್ತಾ ಅವಳು ಹೊಟ್ಟೆಯೊಳಗಿನ ಮಗುವಿನ ಜೊತೆ ಮಾತಾಡೋಳು. ಹುಳ ಸೊಪ್ಪು ಮೇಯೋ ಸರಸರ ಸದ್ದಿನಲ್ಲಿ ಏನು ಹೇಳ್ತಿದ್ದಾಳೆ ಅಂತ ನನಗೆ ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳಬೇಕಾಗಿತ್ತು ಅಂತ ಈಗ ಅನ್ನಿಸುತ್ತೆ.

ಜ್ವರ ಮೊದಲು ಪಕ್ಕದೂರಲ್ಲಿ ಅಂತ ಕೇಳಿದೆವು. ಆಮೇಲೆ ನಮ್ಮೂರಿನ ಕೆಳಗಿನ ಬೀದಿಯಲ್ಲಿ. ಹುಳ ಮೇಯೋದು ನಿಲ್ಲಿಸಿ ಪೊರೆ ಬಿಡೋಕೆ ಕೂರೋದಕ್ಕೂ ನಮ್ಮಲ್ಲಿ ಜ್ವರ ಅಂತಲೇ ಅನ್ನೋದು, ಅದಕ್ಕೇ ಯಾರ ಮನೆಯಲ್ಲಾದರೂ ಜ್ವರ ಅಂದರೆ ಹುಳಕ್ಕೋ ಜನಕ್ಕೋ ಅಂತ ಕೇಳೋದು ವಾಡಿಕೆ. ಆ ತಿಂಗಳು ಕೇಳೋದನ್ನೇ ನಿಲ್ಲಿಸಿದರು. ಕೀಲು ಕೀಲು ಹಿಡಿದುಕೊಂಡು ಗಂಡಸರು ಗೋಡೆಗೆ ಒರಗಿ ಕೂತರು. ಕಾರ್ಖಾನೆ ವ್ಯಾನು ಬೆಳಿಗ್ಗೆ ಬಂದು ಹಾರ್ನ್ ಹೊಡೆದು ಹೊಡೆದು ಅರ್ಧಕ್ಕರ್ಧ ಖಾಲಿ ಹೋಗುತ್ತಿತ್ತು. ಒಂದು ವಯಸ್ಸಾದ ಜೀವ ಹೋಯ್ತು, ವಯಸ್ಸಾಗಿತ್ತು ಅಂದರು. ಆಮೇಲೆ ವಯಸ್ಸಾಗದೆ ಇದ್ದ ಒಬ್ಬ ಹೋದ. ಆಗ ಏನೂ ಅನ್ನಲಿಲ್ಲ.

ಆರೋಗ್ಯ ಇಲಾಖೆಯವರು ಬಂದು ಹೋಗೋರು. ಹೊಸಿಲ ಹೊರಗೆ ನಿಂತು, ನೀರು ನಿಂತೈತಾ ಅಂತ ಕೇಳಿ, ಡ್ರಮ್ಮಿನೊಳಕ್ಕೆ ಇಣುಕಿ, ಮೋರಿ ನೋಡಿ, ಗೋಡೆ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಹೋಗೋರು. ಒಳಗೆ ಹುಳ ಅಂದ ಮೇಲೆ ಅವರಾದರೂ ಏನು ಮಾಡ್ತಾರೆ. ನಾನು ಡ್ರಮ್ಮುಗಳ ಮೇಲೆ ಯುದ್ಧಕ್ಕೆ ನಿಂತೆ. ಬೀದಿ ಬೀದಿ ತಿರುಗಿ, ಮುಚ್ಚಳ ಇಲ್ಲದ ಡ್ರಮ್ಮು ಕಂಡರೆ ಸೊಂಟ ಕಟ್ಟಿ ಉರುಳಿಸಿಬಿಡ್ತಿದ್ದೆ. ನೀರಿಗೆ ಬಡಿದಾಡೋ ಊರಲ್ಲಿ ತುಂಬಿದ ಡ್ರಮ್ಮು ಚೆಲ್ಲಿದರೆ ಬಿಡ್ತಾರಾ, ಮೂರು ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಅಂದೆ. ನನ್ನ ಮನೆ ಮುಂದಿನ ಡ್ರಮ್ಮಿಗೆ ಹಳೇ ಸೀರೆ ಬಿಗಿಯಾಗಿ ಕಟ್ಟಿದ್ದೆ. ಮಗಳಿಗೆ ಸೊಳ್ಳೆ ಪರದೆ ತಂದು ಕಟ್ಟಿದ್ದೆ. ಹಗಲು ಅವಳು ಪರದೆ ಬಿಟ್ಟು ಈಚೆ ಬಂದು ಹುಳದ ಪಕ್ಕ ಕೂರೋಳು. ಹಗಲು ಸೊಳ್ಳೆ ಎಲ್ಲಿ ಅಂತ ನಾವಿದ್ದೆವು. ಒಂದೊಂದು ಸಲ ಅವಳು ಮೊಣಕಾಲ ಹತ್ತಿರ ಪಟ್ಟಂತ ಹೊಡೆದುಕೊಳ್ಳೋಳು. ಕಾಲಿನ ಮೇಲೆ ಬಿಳಿ ಪಟ್ಟೆ ಇರೋ ಸೊಳ್ಳೆ, ನೋಡೋಕೆ ಚೆಂದಾಗೈತೆ ಅಂತ ಅಂಗೈ ಚಾಚಿ ತೋರಿಸಿದ್ದಳು.

ಮಿಷನ್ನು ಹೊರಗೆ ತೆಗೀರಿ ಅಂತ ನಾನೇ ಅಧ್ಯಕ್ಷನ ಮನೆಗೆ ಹೋದೆ. ಬೇಡ ಅಂದವಳು ನಾನು, ಆದರೆ ಮನೆಯಲ್ಲಿ ಬಸುರಿ ಮಗಳಿರೋವಾಗ ಮಾನ ಏನು ಬಂತು. ಅವನು, ಯಾರ ಮನೇಲಿ ಹುಳ ಇಲ್ಲ ನೀನೇ ಹೇಳಕ್ಕ, ಅಂದ. ನಿಜ. ಒಬ್ಬರ ಮನೆಯಲ್ಲಿ ಗೂಡು ಬಿಡಿಸೋ ಹೊತ್ತಿಗೆ ಇನ್ನೊಬ್ಬರ ಮನೆಯಲ್ಲಿ ಈಗ ತಂದ ಮರಿಹುಳ. ವರ್ಷ ಪೂರ್ತಿ ಹುಡುಕಿದರೂ ಹುಳ ಇಲ್ಲದ ದಿನ ಅಂತ ನಮ್ಮೂರಿಗೆ ಇಲ್ಲವೇ ಇಲ್ಲ. ಇದೊಂದು ಬೆಳೆ ಗೂಡಾದ ಮೇಲೆ ಯಾರೂ ಒಂದು ವಾರ ಹೊಸ ಹುಳ ತರಬೇಡಿ, ಆ ವಾರದಲ್ಲಿ ಊರಿಗೆಲ್ಲ ಹೊಗೆ ಹಾಕಿಸಿಬಿಡೋಣ ಅಂತ ಮನೆ ಮನೆಗೂ ಹೋಗಿ ಕೇಳಿಕೊಂಡೆ. ಮಾತು ಬಿಟ್ಟಿದ್ದವರ ಮನೆಗೂ ಹೋದೆ. ಎಲ್ಲ ಆಯ್ತು ಅಂತ ತಲೆ ಆಡಿಸಿದರು. ವಿಧವೆ ಮುದುಕಿಯೊಬ್ಬಳೇ ಬಾಯಿ ಬಿಟ್ಟು, ಹಾಕು, ನಂದು ಹೋಗಾದೇನೂ ಉಳಿದಿಲ್ಲ ಅಂದಳು.

ಅಷ್ಟರಲ್ಲಿ ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಏರಿತು. ರೇಟು ಏರಿದ ದಿನ ಸಂಜೆಯೇ ಅಧ್ಯಕ್ಷ ಮಾಗಡಿ ಕಡೆಯಿಂದ ಮರಿಹುಳ ಇಳಿಸಿದ. ಅವನನ್ನ ನೋಡಿ ಇನ್ನೊಬ್ಬ, ಇನ್ನೊಬ್ಬನನ್ನ ನೋಡಿ ಮತ್ತೊಬ್ಬ. ನಾನು ಅವನ ಜಗಲಿ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿಕೊಂಡೇ, "ರೇಟು ಐತೆ ಕಣಕ್ಕ, ಈಗ ಬುಟ್ರೆ ಯಾವಾಗ" ಅಂದ. ಅವನ ಸೊಸೆಯೂ ಬಸುರಿ. ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಾ ನಿಂತಿದ್ದಳು.

ಬೈದು ಮನೆಗೆ ಬಂದರೆ ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಣೆ ಮೇಲೆ ಚೊಂಬು ಹಾಗೇ ಇತ್ತು. ಮುಟ್ಟಿದರೆ ಮೈ ಕಾದ ಕಾವಲಿ.

ನರ್ಸಮ್ಮ ಬಂದು ಜಗಲಿ ಮೇಲೆ ಕೂರಿಸಿ ನೋಡಿದಳು, ಮಾತ್ರೆ ಕೊಟ್ಟಳು, ಕನಕಪುರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂದಳು. ಮಾಡಿಸಿದೆವು. ನೀರು ಚೆನ್ನಾಗಿ ಕುಡಿಸಿ, ಹೆಚ್ಚಾದರೆ ತಕ್ಷಣ ಕರೆತನ್ನಿ ಅಂದರು. ಆಮೇಲೆ ಜ್ವರ ಬಿಟ್ಟಿತು. ಹಣೆ ತಣ್ಣಗಾಯ್ತು, ಒಂದು ಲೋಟ ಗಂಜಿ ಕುಡಿದಳು. ನಾನು ಮಾರಮ್ಮನ ಗುಡಿಗೆ ಹೋಗಿ ಅಡ್ಡ ಬಿದ್ದು ಬಂದೆ. ಜ್ವರ ಬಿಟ್ಟ ಮೇಲೇ ಈ ಕಾಯಿಲೆ ಹಲ್ಲು ತೋರಿಸೋದು ಅಂತ ಆಗ ನಮಗೆ ಗೊತ್ತಿರಲಿಲ್ಲ. ಮಾರನೆ ಮಧ್ಯಾಹ್ನ ಅವಳ ತೋಳಿನ ಮೇಲೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ಬಾಯಿ ಮುಕ್ಕಳಿಸಿದರೆ ನೀರು ಕೆಂಪಗೆ ಬಂತು.

ಗೂಡು ಸಾಗಿಸೋ ಟೆಂಪೋದಲ್ಲಿ ಹಾಸಿಗೆ ಹಾಕಿಕೊಂಡು ಹೊರಟೆವು. ಮೊದಲು ಸಬ್ ಸೆಂಟರ್ ಮುಂದೆ ನಿಲ್ಲಿಸಿದೆವು. ನರ್ಸಮ್ಮ ಹೆರಿಗೆ ಕೋಣೆಯ ಬೀಗ ತೆಗೆದಳು, ಒಳಗಿಂದ ಪೆಟ್ರೋಲ್ ವಾಸನೆ ಗಪ್ಪಂತ ಬಂತು, ಮತ್ತೆ ಬೀಗ ಹಾಕಿದಳು. ಟೆಂಪೋದೊಳಗೇ ಹತ್ತಿ ಹೊಟ್ಟೆ ಮೇಲೆ ಕೊಳವೆ ಇಟ್ಟು ಕೇಳಿಸಿಕೊಂಡು, ಐತೆ, ಬಡ್ಕೋತೈತೆ, ಎಲ್ಲೂ ನಿಲ್ಲಿಸಬೇಡಿ ಅಂದಳು. ಕನಕಪುರದಲ್ಲಿ ಸೂಜಿ ಚುಚ್ಚಿ ಬಾಟಲಿ ಹಾಕಿ, ಇದು ಬೆಂಗಳೂರಿಗೇ ಹೋಗಬೇಕು ಅಂತ ಆಂಬುಲೆನ್ಸಿಗೆ ಹತ್ತಿಸಿದರು. ರಸ್ತೆ ಅಗಲ ಮಾಡೋಕೆ ಅಗೆದು ಹಾಕಿದ್ದರು. ಜಲ್ಲಿ ಲಾರಿಗಳ ಹಿಂದೆ ನಮ್ಮ ಗಾಡಿ ಕೂಗಿಕೊಂಡು ನಿಂತಿತ್ತು. ಮಗಳು ನನ್ನ ಕೈ ತೆಗೆದು ಹೊಟ್ಟೆ ಮೇಲೆ ಇಟ್ಟುಕೊಂಡಳು. "ಅಮ್ಮ, ಒದೀತಿಲ್ಲ" ಅಂದಳು.

ನಿದ್ದೆ ಮಾಡ್ತೈತೆ ಬಿಡು ಅಂದೆ. ಊರಿಗೆಲ್ಲ ಕೇಳಿಸೋ ನನ್ನ ಗಂಟಲು ಆಗ ಅವಳಿಗೂ ಸರಿಯಾಗಿ ಕೇಳಿಸಿತೋ ಇಲ್ಲವೋ.

ಹೆಣ್ಣು ಮಗು. ತಲೆ ತುಂಬ ಕೂದಲಿತ್ತು. ಮಗಳನ್ನ ಉಳಿಸಿಕೊಟ್ಟರು, ಬಾಟಲಿ ಬಾಟಲಿ ರಕ್ತ ಹತ್ತಿಸಿ ಉಳಿಸಿಕೊಟ್ಟರು, ಆ ಡಾಕ್ಟರುಗಳ ಕಾಲಿಗೆ ಬೀಳಬೇಕು. ಅಳಿಯ ಕಾರ್ಖಾನೆ ಯೂನಿಫಾರಮ್ಮಿನಲ್ಲೇ ಬಂದು, ಬಟ್ಟೆ ಸುತ್ತಿದ ಮಗುವನ್ನ ಎತ್ತಿಕೊಂಡು ಹೋದ. ನನಗೆ ಆ ಹೊತ್ತು ದುಃಖಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಅಧ್ಯಕ್ಷನ ಮೇಲೆ, ಡ್ರಮ್ಮುಗಳ ಮೇಲೆ, ಗೂಡಿನ ರೇಟಿನ ಮೇಲೆ, ಹಾರ ಹಾಕಿಸಿಕೊಂಡು ಕೂತ ಆ ಮಿಷನ್ನಿನ ಮೇಲೆ. ಸಿಟ್ಟು ಇದ್ದದ್ದಕ್ಕೇ ನಾನು ನೆಟ್ಟಗೆ ನಿಂತಿದ್ದೆ.

ಮಗುವಿಲ್ಲದ ಬಾಣಂತಿಯನ್ನ ಮನೆಗೆ ಕರೆತಂದೆ. ಎದೆ ಹಾಲು ಬತ್ತಲಿ ಅಂತ ಮಲ್ಲಿಗೆ ಹೂ ಕಟ್ಟಿದೆ. ಮಿಕ್ಕಂತೆ ಬಾಣಂತಿ ಖಾರ ಕೊಟ್ಟೆ, ಕಾದ ನೀರು ಹುಯ್ದೆ, ಮಗು ಇದ್ದಿದ್ದರೆ ಮಾಡೋದೆಲ್ಲ ಮಾಡಿದೆ. ನಾವಿಲ್ಲದಾಗ ಹುಳ ಹಣ್ಣಾಗಿ, ನನ್ನ ಗಂಡನೂ ಅಕ್ಕಪಕ್ಕದವರೂ ಸೇರಿ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಹಾಕಿ, ಗೂಡೂ ಮಾರಿ ಆಗಿತ್ತು. ಬೆಳೆ ಚೆನ್ನಾಗಿ ಬಂದಿತ್ತು. ಆ ಮಾತನ್ನ ನನ್ನ ಗಂಡ ಹೇಳೋಕೆ ಬಂದು ಅರ್ಧಕ್ಕೇ ನಿಲ್ಲಿಸಿದರು.

ಖಾಲಿ ಸ್ಟ್ಯಾಂಡು ತೊಳೆಯಬೇಕಾಗಿತ್ತು. ಒಂದು ಮಧ್ಯಾಹ್ನ ಮಗಳು ಗೋಡೆ ಪಕ್ಕ ನಿದ್ದೆ ಹೋಗಿದ್ದಳು, ನಾನು ಸದ್ದಾಗದ ಹಾಗೆ ಸ್ಟ್ಯಾಂಡಿನ ಒಂದು ಕಾಲು ಎತ್ತಿ ಕೆಳಗಿನ ಬಟ್ಟಲು ಈಚೆಗೆ ಎಳೆದೆ. ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿತ್ತು. ನೀರು ಕುಣೀತಿತ್ತು. ಕಣ್ಣು ಉಜ್ಜಿಕೊಂಡು ನೋಡಿದೆ. ಕೂದಲಿನ ತುಂಡಿನಂಥ ಹುಳಗಳು, ಮೇಲಕ್ಕೆ ಬರೋದು, ಬಾಗೋದು, ಕೆಳಕ್ಕಿಳಿಯೋದು. ನೋಡುತ್ತಿದ್ದ ಹಾಗೇ ಬಟ್ಟಲಿನ ಅಂಚಿನಿಂದ ಒಂದು ಸೊಳ್ಳೆ ಎದ್ದು ನನ್ನ ಮುಂಗೈ ಮೇಲೆ ಕೂತಿತು. ಕಾಲಿನ ಮೇಲೆ ಬಿಳಿ ಪಟ್ಟೆ.

ಎರಡನೇ ಬಟ್ಟಲು ನೋಡಿದೆ. ಮೂರನೆಯದು. ಎಲ್ಲದರಲ್ಲೂ. ಊರೆಲ್ಲ ಮೋರಿ ನೋಡಿತ್ತು, ಡ್ರಮ್ಮು ನೋಡಿತ್ತು, ನಾನು ಡ್ರಮ್ಮು ಉರುಳಿಸಿ ಜಗಳ ಆಡಿದ್ದೆ. ಯಾರೂ ಹೊಸಿಲು ದಾಟಿ ಬಂದು ಬಗ್ಗಿ ನೋಡಿರಲಿಲ್ಲ. ನಡುಮನೆಯಲ್ಲಿ, ಮಡಿಯಲ್ಲಿ, ಹೊಗೆ ತಾಗದ ಹಾಗೆ, ಘಾಟು ತಾಗದ ಹಾಗೆ, ದಿನಾ ಹೊಸ ನೀರು ಕೊಟ್ಟು ನಾವು ರೇಷ್ಮೆ ಹುಳದ ಜೊತೆಗೆ ಇದನ್ನೂ ಸಾಕಿದ್ದೆವು. ಒಂದು ಹಿಡಿ ಉಪ್ಪು ಹಾಕಿದ್ದರೆ ಸಾಯುತ್ತಿದ್ದವು. ಉಪ್ಪಿಗೆ ವಾಸನೆ ಇಲ್ಲ, ಹುಳಕ್ಕೆ ಏನೂ ಆಗಲ್ಲ. ದಿಲ್ಲಿಯಿಂದ ಬಂದ ದುಡ್ಡಿನಲ್ಲಿ ಊರಿಗೆಲ್ಲ ಎಷ್ಟು ಕಾಲಕ್ಕೆ ಆಗೋಷ್ಟು ಉಪ್ಪು ಬರುತ್ತಿತ್ತೋ.

ಆದರೆ ಮೊದಲು ಬಂದ ಯೋಚನೆ ಊರಿನದಲ್ಲ. ತಿರುಗಿ ಮಗಳನ್ನ ನೋಡಿದೆ. ದಿನಾ ಬೆಳಿಗ್ಗೆ ಚೊಂಬು ಹಿಡಿದು, ಮಣೆ ಜರುಗಿಸಿಕೊಂಡು, ಹೊಟ್ಟೆಯೊಳಗಿನ ಮಗುವಿನ ಜೊತೆ ಮಾತಾಡುತ್ತಾ ನೀರು ಹಾಕುತ್ತಿದ್ದವಳು ಅವಳು. ಇದು ಅವಳಿಗೆ ಗೊತ್ತಾಗಕೂಡದು. ಬಟ್ಟಲುಗಳನ್ನ ಒಂದೊಂದಾಗಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲ ಬೂದಿ ಗುಡ್ಡೆಗೆ ಸುರಿದು ಬಂದೆ.

ಆ ವಾರವೇ ಕಮಿಟಿ ಸಭೆ. ಮತ್ತೆ ದುಡ್ಡು ಬಂದಿತ್ತು. ಅಧ್ಯಕ್ಷ ನನ್ನ ಮುಖ ನೋಡೋಕಾಗದೆ ಗೋಡೆ ನೋಡಿಕೊಂಡು ಮಾತಾಡಿದ. ಹೆರಿಗೆ ಕೋಣೆಯಲ್ಲಿ ಮಿಷನ್ನು ಇಟ್ಟದ್ದು ತಪ್ಪು, ಈ ಸಲ ಮಿಷನ್ನಿಗೇ ಒಂದು ರೂಮು ಕಟ್ಟಿಸೋಣ ಅಂದ. ನಾನು ಎದ್ದು ನಿಂತರೆ ಸಾಕಾಗಿತ್ತು. ನಿಮ್ಮ ನಿಮ್ಮ ಮನೆಗೆ ಹೋಗಿ ಇರುವೆ ಬಟ್ಟಲು ಬಗ್ಗಿ ನೋಡಿ ಅಂದಿದ್ದರೆ ಸಾಕಾಗಿತ್ತು. ಎಲ್ಲ ನನ್ನ ಬಾಯಿಗೇ ಕಾಯುತ್ತಿದ್ದರು. ಆದರೆ ನಮ್ಮೂರಲ್ಲಿ ಒಂದು ಮಾತು ಹೊರಗೆ ಬಿದ್ದರೆ ನಾನು ಮನೆ ಸೇರೋ ಮುಂಚೆ ಅದು ಮನೆ ಸೇರುತ್ತೆ. ಅಯ್ಯೋ ಪಾಪ, ಬಟ್ಟಲಿಗೆ ನೀರು ಹಾಕ್ತಿದ್ದೋಳು ಅವಳೇ ಅಂತೆ ಅಂತ ಕನಿಕರದಿಂದಲೇ ಅಂದಾರು, ಅವಳ ಕಿವಿಗೆ ಬೀಳೋ ಹಾಗೆ ಅಂದಾರು. ಸುಮ್ಮನಿದ್ದರೆ ಅಧ್ಯಕ್ಷನ ಬಸುರಿ ಸೊಸೆ ಇದ್ದಳು, ಬಾಗಿಲ ಸಂದಿಯಿಂದ ನೋಡಿದ ಆ ಹುಡುಗಿ. ಕೈ ಎತ್ತದೆ, ಮಾತಾಡದೆ ಎದ್ದು ಬಂದೆ. ರೂಮು ಪಾಸಾಯ್ತು.

ಶುಕ್ರವಾರ ತಲೆಗೆ ನೀರು ಹುಯ್ದುಕೊಂಡು, ಮಡಿಲಲ್ಲಿ ಕಲ್ಲುಪ್ಪು ಕಟ್ಟಿಕೊಂಡು ಅಧ್ಯಕ್ಷನ ಮನೆಗೆ ಹೋದೆ. "ಮಾರಮ್ಮಂಗೆ ಹರಕೆ ಹೊತ್ತಿವ್ನಿ. ಊರಲ್ಲಿ ಹುಳ ಇರೋ ಪ್ರತಿ ಮನೇಲೂ ಇರುವೆ ಬಟ್ಟಲಿಗೆ ನನ್ ಕೈಯಾರ ಉಪ್ಪು ಹಾಕ್ಬೇಕು, ವಾರ ವಾರ" ಅಂದೆ. ಅವನು ಒಂದು ಮಾತು ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟು ದಾರಿ ಬಿಟ್ಟ. ನರ್ಸಮ್ಮನಿಗೆ ಇಲ್ಲದ ದಾರಿ, ಇಲಾಖೆಯವರಿಗೆ ಇಲ್ಲದ ದಾರಿ, ಹರಕೆ ಅಂದ ತಕ್ಷಣ ಎಲ್ಲ ಮನೆಯಲ್ಲೂ ಬಿಟ್ಟರು. ಮಾತು ಬಿಟ್ಟಿದ್ದವರೂ ಬಿಟ್ಟರು. ಮಗು ಕಳಕೊಂಡ ಮನೆಯ ಹರಕೆಗೆ ಯಾರು ತಾನೇ ಇಲ್ಲ ಅಂತಾರೆ. ಬಗ್ಗಿ ಬಗ್ಗಿ ಹಾಕಿದೆ. ಕುಣೀದೆ ಇರೋ ನೀರು ಒಂದು ಮನೆಯಲ್ಲೂ ಕಾಣಲಿಲ್ಲ. ಕೊನೆಗೆ ನನ್ನ ಮನೆಗೆ ಬಂದು, ಹೊಸದಾಗಿ ಇಟ್ಟ ಬಟ್ಟಲುಗಳಿಗೂ ಹಾಕಿದೆ. ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು.

ಶುಕ್ರವಾರಗಳು ಕಳೆದವು. ಜ್ವರ ಇಳಿಯಿತು. ಮಳೆಯೂ ನಿಂತಿತ್ತು, ಆದ್ದರಿಂದ ಉಪ್ಪಿಂದಲೇ ಅಂತ ನಾನು ಆಣೆ ಮಾಡಲ್ಲ. ಮಿಷನ್ ರೂಮಿನ ಗೋಡೆ ಎದ್ದಿತು, ಅದರಿಂದಲೇ ರೋಗ ಹೆದರಿತು ಅಂತ ಯಾರೋ ನಗೆಯಾಡಿದರು. ಅಧ್ಯಕ್ಷನ ಸೊಸೆಗೆ ಮಗುವಾಯ್ತು, ಉಳೀತು. ನಾನು ಹೋಗಿ ನೋಡಿ ಬಂದೆ. ಎತ್ತಿಕೊಳ್ಳೋಕಾಗಲಿಲ್ಲ.

ಮಗಳನ್ನ ರಾಮನಗರಕ್ಕೆ ಕಳಿಸೋ ದಿನವೂ ಶುಕ್ರವಾರವೇ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆ ಮನೆ ಮುಗಿಸಿಕೊಂಡು ಬಂದು ನಮ್ಮ ಸ್ಟ್ಯಾಂಡಿನ ಮುಂದೆ ಕೂತೆ. ಮಗಳು ಬ್ಯಾಗು ಕೆಳಗಿಟ್ಟು ಪಕ್ಕಕ್ಕೆ ಬಂದು ಮಣೆ ಹಾಕಿಕೊಂಡಳು. ನನ್ನ ಮಡಿಲಿಗೆ ಕೈ ಹಾಕಿ ಉಪ್ಪು ತೆಗೆದುಕೊಂಡಳು.

"ಈ ಮನೇದು ನಾನೇ ಹಾಕ್ತೀನಿ ಕಣಮ್ಮ" ಅಂದಳು. "ನೀರು ಹಾಕಿದ್ದೋಳೂ ನಾನೇ ಅಲ್ವಾ."

ಅವಳು ಮಣೆ ಜರುಗಿಸಿಕೊಂಡು ಒಂದೊಂದು ಕಾಲಿಗೂ ಹಾಕಿದಳು. ಮೊದಲಿನ ಹಾಗೇ, ನಿಧಾನಕ್ಕೆ. ಈ ಸಲ ಅವಳು ಏನೂ ಮಾತಾಡುತ್ತಿರಲಿಲ್ಲ. ಯಾವಾಗಿಂದ ಗೊತ್ತು ಅಂತ ಕೊನೆಗೆ ಕೇಳಿದೆ.

"ಮೊದಲ್ನೇ ಶುಕ್ರವಾರದಿಂದ. ಊರಿಗೆಲ್ಲ ಹರಕೆ ಹರಕೆ ಅಂತ ಹೇಳ್ಕಂಡು ಬಂದೋಳು, ಇಲ್ಲಿ ಮಾತ್ರ ನನ್ ಮುಖ ನೋಡ್ದಂಗೆ ಹಾಕ್ದೆ" ಅಂದಳು. ಅಂಗೈಗೆ ಅಂಟಿದ್ದ ಉಪ್ಪನ್ನ ಕೊಡವಿ, ಬ್ಯಾಗು ತಗೊಂಡು ಹೊಸಿಲು ದಾಟಿದಳು. ನಾನು ಬಸ್ಸಿನವರೆಗೂ ಹಿಂದೆಯೇ ಹೋದೆ.